ಹಂಡೆಯ ಮುಚ್ಚಳ

ಹಿತ್ತಿಲಲ್ಲಿ ತಂಗಿಯನ್ನು ಕಂಡೊಡನೆ ಅಕ್ಕ ಕುದಿಯುವ ಹಂಡೆಯ ಮೇಲೆ ಮುಚ್ಚಳ ಎಳೆದಳು. "ಸ್ನಾನಕ್ಕೆ ನೀರು ಕಣೇ," ಎಂದಳು, ಯಾರೂ ಕೇಳದಿದ್ದರೂ.

ತಂಗಿಯ ಕೈಯಲ್ಲಿ ಹಸಿರು ಬೂಷ್ಟು ಹಿಡಿದ, ಅಣಬೆ ಬೆಳೆಸುವ ಚೀಲವಿತ್ತು. ಅಕ್ಕ ಹೇಳಿಕೊಟ್ಟ ಹಾಗೆಯೇ ಹುಲ್ಲು ನೆನೆಸಿ, ಹಿಂಡಿ, ಬೀಜ ಬೆರೆಸಿ ಕಟ್ಟಿದ್ದಳು. ಈ ಸಲವೂ ಒಂದು ಅಣಬೆಯೂ ತಲೆಯೆತ್ತಲಿಲ್ಲ. ಅಕ್ಕನ ಚೀಲಗಳಲ್ಲೋ ಬೆಳ್ಳಗೆ ಗೊಂಚಲು ಗೊಂಚಲು! "ಹುಲ್ಲು ಬೇಯಿಸ್ಬೇಕೇನಕ್ಕ?" ಎಂದು ಕೇಳಿದಾಗಲೆಲ್ಲ ಅಕ್ಕ ಬೆನ್ನು ಸವರುತ್ತಿದ್ದಳು. "ಅಯ್ಯೋ, ತಣ್ಣೀರು ಸಾಕು. ನಿನ್ನ ಕೈಗುಣಾನೇ ಸರಿಯಿಲ್ಲ, ಬಿಡು." ಅದನ್ನು ನಂಬಿ ತಂಗಿ ತನ್ನ ಕೈಗಳನ್ನೇ ಶಪಿಸಿಕೊಂಡಿದ್ದಳು.

ಈಗ ಮುಚ್ಚಳದ ಅಂಚಿನಿಂದ ಹುಲ್ಲುಕಡ್ಡಿಯೊಂದು ಹಬೆಯಾಡುತ್ತ ಹೊರಗಿಣುಕಿತ್ತು. ತಂಗಿ ಅದನ್ನು ಬೆರಳಿನಿಂದ ಮೆಲ್ಲಗೆ ಒಳಗೆ ತಳ್ಳಿದಳು. ಬೆರಳು ಚುರ್ರೆಂದರೂ ಕೈ ಹಿಂದೆಗೆಯಲಿಲ್ಲ.

"ಚೆನ್ನಾಗಿ ಬೇಯ್ಲಿ ಅಕ್ಕಾ," ಎಂದಳು, "ನಿನ್ನ ಕೈಗುಣ."