ಬೆಂಕಿ ತಿನ್ನುವ ಹುಲ್ಲು

"ಗಾಳಿ ಬಿದ್ದಿದೆ. ಬೆಂಕಿಪೊಟ್ಟಣ ಕೊಡಪ್ಪ," ಎಂದು ಮಗಳು ಕೈ ಚಾಚಿದಳು.

ಮುದುಕ ಜೇಬಿಗೆ ಕೈ ಹಾಕಿದ, ಹೊರಗೆ ತೆಗೆಯಲಿಲ್ಲ. ಗುಡ್ಡಕ್ಕೆ ಬೆಂಕಿ ಕೊಡುವ ದಿನ ಪೊಟ್ಟಣ ಕಾಯುವುದು ಅವನ ಪಾಲಿನ ಕೆಲಸ. ಮಗಳ ಬೆನ್ನಿಗೆ ನೀರಿನ ಡಬ್ಬಿ, ಅವನ ತಂಗಿಯ ಹೆಗಲಿಗೆ ಒದ್ದೆ ಗೋಣಿಚೀಲ. ಒಣ ಜೇಬು ಇದ್ದದ್ದು ಅವನೊಬ್ಬನಿಗೇ.

"ಏನಣ್ಣ, ಪೊಟ್ಟಣ ಮೊಟ್ಟೆ ಇಡ್ತಿದೆಯಾ ಜೇಬಲ್ಲಿ?" ಎಂದಳು ತಂಗಿ. "ತೆಗಿ ಬೇಗ. ಗಾಳಿ ಏನು ನಮ್ಮಪ್ಪನ ಮನೆ ಆಳಾ, ನಮಗೋಸ್ಕರ ಕಾಯ್ತಾ ಕೂರೋಕೆ?"

ಅದು ಗುಡ್ಡದ ಪಡುವಣ ಇಳಿಜಾರು. ಹಳೆಯ ಹುಲ್ಲು ಉಳಿದಿದ್ದ ಕೊನೆಯ ಜಾಗ. ಮೊಣಕಾಲೆತ್ತರದ ಹೊಂಬಣ್ಣದ ಹುಲ್ಲು. ಅದರ ನಡುವೆ ಅಲ್ಲೊಂದು ಇಲ್ಲೊಂದು, ಕರೆಯದೆ ಬಂದ ನೆಂಟರ ಹಾಗೆ, ಆಳೆತ್ತರದ ಕಡುಹಸಿರು ಪೊದೆ. ಆ ಪರದೇಶದ ಹುಲ್ಲನ್ನು ತರಿಸಿ ಈ ಗುಡ್ಡದಲ್ಲಿ ನೆಟ್ಟವನು ಈ ಮುದುಕನೇ, ಗುಡ್ಡದ ಕಾವಲಿನ ನೌಕರಿಯಲ್ಲಿದ್ದ ಕಾಲಕ್ಕೆ. ಬೇಸಿಗೆ ಬಂದರೆ ಹಳೆಯ ಹುಲ್ಲು ಒಣಗಿ ಮಲಗುತ್ತಿತ್ತು. ನಿದ್ದೆಯನ್ನು ಅವನು ಸಾವೆಂದು ತಿಳಿದ. ದನಕ್ಕೆ ಮೇವಾಗಲಿ, ಕಣ್ಣಿಗೆ ತಂಪಾಗಲಿ ಎಂದು ನೆಟ್ಟ. ಜನ ಅವನನ್ನು 'ಹಸಿರಪ್ಪ' ಎಂದು ಕರೆದರು. ಬಾಳಿನಲ್ಲಿ ಕೈಹಾಕಿದ ಮಿಕ್ಕ ಕೆಲಸಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿದ್ದವು. ಇದೊಂದು ಬೇರು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಹಳೆಯ ಹುಲ್ಲೂ ಅದರಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳೂ ಒಂದೊಂದೇ ಇಳಿಜಾರು ಬಿಟ್ಟುಕೊಟ್ಟು ಇಲ್ಲಿಗೆ ಬಂದು ನಿಂತಿದ್ದವು.

ಈಗ ಅದೇ ಗುಡ್ಡದ ಕಾವಲು ಮಗಳದು. ಹಿಂದೆ ಹಿರಿಯರು ಬೆಂಕಿ ಕೊಟ್ಟರೆ ಹಳೆಯ ಹುಲ್ಲು ನಗುತ್ತ ಚಿಗುರುತ್ತಿತ್ತಂತೆ. ಆ ಮಾತನ್ನೇ ನಂಬಿ ಅವಳು ಮೂರು ವರ್ಷದಿಂದ ಸುಡುತ್ತ ಬಂದಿದ್ದಳು. ಸುಟ್ಟಲ್ಲೆಲ್ಲ ಕಡುಹಸಿರೇ ಇಮ್ಮಡಿಯಾಗಿ ಎದ್ದಿತ್ತು. ಯಾಕೆಂದು ಅವಳಿಗೆ ತಿಳಿದಿರಲಿಲ್ಲ. ಅವನಿಗೆ ತಿಳಿದಿತ್ತು. ಆ ಹುಲ್ಲಿಗೆ ಬೆಂಕಿಯೇ ಗೊಬ್ಬರ. ತೆಳುವಾದ ಕಡೆ ದಟ್ಟವಾಗಲೆಂದು ಆಗೆಲ್ಲ ಅವನೇ ನಿಂತು ಸುಡಿಸುತ್ತಿದ್ದ. ಈಗ ಪ್ರತಿಸಲವೂ ಪೊಟ್ಟಣ ಕೊಟ್ಟು, ಬಂಡೆಯ ಮೇಲೆ ಕೂತು, ನನ್ನದು ಅಂತ ಇದೊಂದು ಉಳಿಯಲಿ ದೇವರೇ ಎಂದು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ. ದೇವರೂ ಚೆನ್ನಾಗಿಯೇ ಕೇಳಿಸಿಕೊಂಡಿದ್ದ.

ಮಗಳು ಡಬ್ಬಿ ಇಳಿಸಿ ನೆಲದ ಮೇಲೆ ಕುಸಿದು ಕೂತಳು.

"ಅತ್ತೆ, ಇದೇ ಕೊನೆ. ಇಲ್ಲೂ ಹಾಗೇ ಆದ್ರೆ ಬಿಟ್ಟುಬಿಡ್ತೀನಿ. ಗುಡ್ಡನೇ ಬೇಕಾದ್ರೆ ತಿನ್ಕೊಳ್ಳಲಿ ಅದು."

"ಹಾಗೆಲ್ಲ ಅನ್ನಬಾರದು ಕಣೇ."

"ಇನ್ನೇನನ್ಲಿ? ಬರ್ತಿದ್ದ ಜನರೂ ಬಿಟ್ರು. ಉಳಿದಿರೋದು ನಾನು, ನೀನು, ನಿನ್ನ ಸೊಂಟನೋವು."

"ನನ್ನ ಸೊಂಟನೋವಿನ ಸುದ್ದಿಗೆ ಬರಬೇಡ. ಇಷ್ಟು ವರ್ಷ ನನ್ ಜೊತೆ ನಿಯತ್ತಾಗಿರೋದು ಅದೊಂದೇ."

ಮಗಳ ಬಾಯಿಂದ 'ಬಿಟ್ಟುಬಿಡ್ತೀನಿ' ಎನ್ನುವ ಮಾತು ಬರಲೆಂದೇ ಮುದುಕ ಮೂರು ವರ್ಷ ತುಟಿ ಹೊಲಿದುಕೊಂಡಿದ್ದ. ಬಂದಾಗ ಹಿಗ್ಗಾಗಲಿಲ್ಲ. ಅವಳ ಮುಖ ನೋಡಿದ. ಹೋದ ಸಲದ ಬೆಂಕಿಗೆ ಎರಡೂ ಹುಬ್ಬು ಸೀದುಹೋಗಿದ್ದವು. ಹುಬ್ಬಿಲ್ಲದ ಆ ಮುಖ ಅವನಿಗೆ ಹೊಸದಲ್ಲ. ಹುಟ್ಟಿದ ದಿನ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗಲೂ ಹೀಗೇ ಇತ್ತು. ಆ ದಿನ ಇಷ್ಟು ದಣಿದಿರಲಿಲ್ಲ, ಅಷ್ಟೇ.

"ಸುಡಬೇಡ ಮಗಳೇ," ಎಂದ.

"ಯಾಕೆ, ಗಾಳಿ ಎದ್ದಿತಾ?"

"ಗಾಳಿಯಲ್ಲ. ಬೆಂಕಿ ಅಂದ್ರೆ ಅದಕ್ಕೆ ಊಟ. ಸುಟ್ಟಷ್ಟೂ ಹೆಚ್ಚುತ್ತೆ. ನಾವು ಹೆಚ್ಚಿಸಿದ್ದೂ ಹಾಗೇನೇ."

ಮಗಳು ಅವನನ್ನೇ ನೋಡಿದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ತಂಗಿ ಗೋಣಿಚೀಲ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿದಳು.

"ಮತ್ತೆ ಹೇಗೆ ಸಾಯುತ್ತೆ ಅದು?" ಎಂದಳು ಮಗಳು.

"ಕೈಯಲ್ಲಿ ಕೀಳಬೇಕು. ಹೂ ಬಿಡೋ ಮೊದಲೇ, ಬೇರು ಸಮೇತ. ಮಳೆ ಬಿದ್ದ ನೆಲದಲ್ಲಾದ್ರೆ ಸಲೀಸು, ಒಣನೆಲಕ್ಕೆ ಗುದ್ದಲಿ ಬೇಕು. ಮತ್ತೆ ಬರುತ್ತೆ. ಮತ್ತೆ ಕೀಳಬೇಕು."

"ಎಷ್ಟು ವರ್ಷ?"

"ಅದಕ್ಕೆ ಸುಸ್ತಾಗೋವರೆಗೂ."

"ಮೂರು ವರ್ಷ ನೋಡ್ತಾ ಕೂತಿದ್ಯಲ್ಲಪ್ಪ," ಎಂದಳು ಮಗಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕಲ್ಲ.

"ಹೂಂ," ಎಂದ.

ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದಳು. ಬೆಂಕಿ ಆಚೆಗೆ ಹರಡದಿರಲೆಂದು ಸುತ್ತ ನೆಲ ಕೆರೆಯಲು ತಂದಿದ್ದ ಗುದ್ದಲಿಯನ್ನು ಹೆಗಲಿಗೇರಿಸಿ ಮೇಲಿನ ಪೊದೆಯ ಕಡೆಗೆ ನಡೆದಳು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಗುದ್ದಲಿಯ ಸದ್ದು ಕೇಳತೊಡಗಿತು. ಒಂದು ಏಟು, ಬಹಳ ಹೊತ್ತು ಬಿಟ್ಟು ಇನ್ನೊಂದು.

ಮುದುಕ ಕಾಲಬುಡದ ಪೊದೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಬುಡಕ್ಕೆ ಎರಡೂ ಕೈ ಹಾಕಿ ಎಳೆದ. ಅಲುಗಲಿಲ್ಲ. ಹಿಮ್ಮಡಿ ಊರಿ, ಉಸಿರು ಕಟ್ಟಿ ಎಳೆದ. ಎಲೆಯ ಅಂಚು ಅಂಗೈಯನ್ನು ಕೊಯ್ದು ರಕ್ತ ಜಿನುಗಿತು. ಆದರೂ ಬಿಡದೆ ಎಳೆದ. ತಂಗಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು.

"ಬಿಡಣ್ಣ," ಎಂದಳು ಕೊನೆಗೆ. "ಅದು ನಿನ್ನ ಕೈಯ ಗುರುತು ಹಿಡಿದುಬಿಟ್ಟಿದೆ."