ಬಣ್ಣ ಬೇಡದ ವಿಮಾನ

"ಈ ರಿವೆಟ್ಟು ಮೊಳೆ ಇನ್ನೂ ಸ್ವಲ್ಪ ಏಳಬೇಕು," ಎಂದರು ಹಿರಿಯರು, ರೆಕ್ಕೆಯ ಮೇಲೆ ಬೆರಳಾಡಿಸುತ್ತ.

ಮಾದರಿಗಾರ ಹಲ್ಲು ಕಚ್ಚಿದ. ಗೆಳೆಯರು ಅವನಿಗಿಟ್ಟ ಅಡ್ಡಹೆಸರೇ ‘ಕೂದಲಳತೆ’. ನಿಜವಾದ ಹಡಗು, ರೈಲು, ವಿಮಾನಗಳ ಪುಟ್ಟ ಮಾದರಿ ಮಾಡಿ ಮಾರುವುದು ಅವನ ಕಸುಬು. ಅಳತೆಯಲ್ಲಿ ಎಳ್ಳಷ್ಟು ತಪ್ಪಿದರೂ ಊಟ ಸೇರದು. ಅಂಥವನಿಗೆ ಈ ಮಾತು!

"ಸಾರ್, ಎರಡು ಮೊಳದ ವಿಮಾನದಲ್ಲಿ ಮೊಳೆ ಕಣ್ಣಿಗೇ ಬೀಳಬಾರದು. ಇಷ್ಟೆತ್ತರ ಇಟ್ರೆ ಮುಖದ ತುಂಬ ಮೊಡವೆ ಎದ್ದ ಹಾಗಿರುತ್ತೆ."

"ಇರಲಿ. ಮುಂದಿನ ಸೀಟಿನ ಹಿಡಿಕೋಲು ಅಲುಗಾಡಬೇಕು. ಮೇಲಿನ ಗಾಜಿನ ಮುಚ್ಚಳ ತೆಗೆದು ಹಾಕೋ ಹಾಗಿರಬೇಕು. ಬಣ್ಣ ಮಾತ್ರ ಬೇಡ."

ಬಣ್ಣ ಬೇಡವಂತೆ! ಅದು ವಾಯುಪಡೆಯ ಹುಡುಗರು ಹಾರಲು ಕಲಿಯುವ ಜೆಟ್ಟು. ಮುಂದೆ ಶಿಷ್ಯ, ಹಿಂದೆ ಗುರು. ಯುದ್ಧವಿಮಾನವಾದರೆ ಆಕಾಶದಲ್ಲಿ ಅಡಗಬೇಕು. ಇದು ಮೈತುಂಬ ಕೆಂಪು ಬಿಳಿ ಬಳಿದುಕೊಂಡು, ಕಲಿಯುವವನು ಬರುತ್ತಿದ್ದಾನೆ, ದಾರಿ ಬಿಡಿ ಎಂದು ದೂರದಿಂದಲೇ ಸಾರಬೇಕು. ಬಣ್ಣ ತೆಗೆದರೆ ಉಳಿಯುವುದೇನು, ಮಣ್ಣು?

"ಯಾಕೆ ಸಾರ್ ಬೇಡ?"

ಹಿರಿಯರು ಕುರ್ಚಿಯ ತುದಿಯಲ್ಲಿ ಕೂತರು. "ನನ್ನ ಮಗ ಇದರಲ್ಲೇ ಕಲೀತಿದ್ದ. ಹೋದ ವರ್ಷ ಇಳಿಯುವಾಗ ಬೆಂಕಿ ಹತ್ತಿ..." ಕೈ ಕಣ್ಣಿನತ್ತ ಹೋಯಿತು. "ಅವನ..."

ಮಾದರಿಗಾರ ಎದ್ದು ಬಂದು ಅವರ ಕೈ ಹಿಡಿದುಕೊಂಡ. "ಬೇಡ ಸಾರ್. ಹೇಳ್ಬೇಡಿ. ಅರ್ಥ ಆಯ್ತು."

ಹಿರಿಯರು ತಲೆಯಾಡಿಸಿದರು. ಸಿಕ್ಕಸಿಕ್ಕವರಿಗೆಲ್ಲ ಬಿಡಿಸಿ ಹೇಳಿ ಸೋತವರು. ಹೇಳುವುದು ತಪ್ಪಿದ್ದೇ ಅವರಿಗೆ ದೊಡ್ಡ ಉಪಕಾರವಾಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಅವನಿಗೆ ಒಪ್ಪಿಗೆ ಆಗ್ಬೇಕಪ್ಪ. ಅದೊಂದೇ ಆಸೆ," ಎಂದರು.

ಆ ಮಾತು ಮಾದರಿಗಾರನ ಎದೆಯಲ್ಲಿ ಕೂತುಬಿಟ್ಟಿತು. ಹಟ ಬದಿಗಿಟ್ಟು ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದ. ಹಿರಿಯರು ಮತ್ತೆ ಬಂದವರು ಕಣ್ಣು ಮುಚ್ಚಿಕೊಂಡು ವಿಮಾನವನ್ನು ಮೂಗಿನಿಂದ ಬಾಲದವರೆಗೆ ಸವರಿದರು. ಎಳೆಮಗುವಿನ ತಲೆ ಸವರಿದ ಹಾಗೆ. "ಇದೇ," ಎಂದು ಮೊದಲ ಸಲ ನಕ್ಕರು.

ಅವರು ಅತ್ತ ಹೋದ ಮೇಲೆ ಮಾದರಿಗಾರನಿಗೆ ಸಮಾಧಾನವಾಗಲಿಲ್ಲ. ಇಂಥ ಬೋಳು ವಿಮಾನವನ್ನು ಆ ಮನೆಗೆ ಕಳಿಸಲು ಕೈ ಬರುವುದಾದರೂ ಹೇಗೆ? ಬಣ್ಣದ ಡಬ್ಬಿ ತೆರೆದ.

"ಬೇಡ ಅಂದ್ರಲ್ರೀ ಅವರು," ಎಂದಳು ಹೆಂಡತಿ.

"ದುಃಖದಲ್ಲಿರೋರು ಊಟಾನೂ ಬೇಡ ಅಂತಾರೆ ಕಣೇ. ಹಾಗಂತ ಬಡಿಸದೇ ಇರ್ತೀವಾ?"

ಮೊಳೆಗಳನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ. ಸಂದುಗಳಿಗೆ ಪುಟ್ಟಿ ತುಂಬಿದ. ಧೂಳು ಹೊಗದಂತೆ ಗಾಜಿನ ಮುಚ್ಚಳಕ್ಕೆ ಅಂಟು ಹಾಕಿ ಭದ್ರಮಾಡಿದ. ಬಿಳಿ ಬಳಿದ, ಕೆಂಪು ಪಟ್ಟೆ ಎಳೆದ, ಮೇಲೆ ಹೊಳಪು ಕೊಟ್ಟ. ಮುಖ ನೋಡಿಕೊಳ್ಳಬಹುದಿತ್ತು. ಅವನ ಕೈಯಿಂದ ಇಷ್ಟು ಚೆಂದದ್ದು ಹಿಂದೆಂದೂ ಬಂದಿರಲಿಲ್ಲ. ಇಲ್ಲದ ಆ ಹುಡುಗನಿಗೆ ಇದು ತನ್ನ ಕಾಣಿಕೆ ಎಂದುಕೊಂಡಾಗ ಕಣ್ಣು ಒದ್ದೆಯಾಯಿತು.

ವಿಮಾನವನ್ನು ತಾನೇ ಹೊತ್ತು ಅವರ ಮನೆಗೆ ಹೋದ. ಹುಡುಗನ ತಾಯಿ ಬಾಗಿಲು ತೆರೆದು, ಕೆಂಪು ಬಿಳಿ ಕಂಡು ಬಾಯಿಗೆ ಕೈ ಅಡ್ಡ ಹಿಡಿದರು. ನೋಡಿದೆಯಾ, ಎಂದು ಹೆಂಡತಿಗೆ ಮನಸ್ಸಿನಲ್ಲೇ ಹೇಳುತ್ತ ಅವನು ಅದನ್ನು ಮೇಜಿನ ಮೇಲಿಟ್ಟ. ಹಿರಿಯರು ರೆಕ್ಕೆಯ ಮೇಲೆ ಅಂಗೈ ಇಟ್ಟರು. ಅಂಗೈ ಜಾರಿತು. ಅವರ ಮುಖ ಬಿಳಿಚಿಕೊಂಡಿತು.

"ಏನು ಮಾಡ್ಬಿಟ್ರಿ..."

"ಬಣ್ಣ ನನ್ನ ಕಡೆಯಿಂದ ಸಾರ್. ಅದಕ್ಕೇನೂ ಕೊಡ್ಬೇಡಿ."

ಅವರು ಉತ್ತರಿಸುವ ಮೊದಲೇ ಒಳಕೋಣೆಯ ಬಾಗಿಲು ಸದ್ದಾಯಿತು. ಕಪ್ಪು ಕನ್ನಡಕದ ಯುವಕನೊಬ್ಬ ಗೋಡೆ ಸವರಿಕೊಂಡು ಬಂದು, ಮೇಜು ತಡಕಿ, ಕುರ್ಚಿ ಎಳೆದು ಕೂತ. ಅವನ ಬೆರಳುಗಳು ನುಣುಪಿನ ಮೇಲೆ ಅತ್ತಿಂದಿತ್ತ ಹರಿದಾಡಿ, ಎಲ್ಲೂ ನಿಲ್ಲಲಾರದೆ ವಾಪಸು ಬಂದವು.

"ಅಪ್ಪಾ, ನನ್ನ ವಿಮಾನ ಬರುತ್ತೆ ಅಂದಿದ್ದೆಯಲ್ಲ," ಎಂದ. "ಇದೇನಿದು?"