ರಾಯಭಾರಿಯ ನಾಲ್ಕು ಮಾತು

"ನಿಮ್ಮ ದಮ್ಮಯ್ಯ ಸಾರ್, ಏನೂ ಮಾತಾಡಬೇಡಿ!" ಎನ್ನುತ್ತ ತಾಯಿ ಪತ್ರಕರ್ತರ ಗುಂಪನ್ನು ಸೀಳಿಕೊಂಡು ನುಗ್ಗಿದಳು. ಸರ್ಕಾರವನ್ನು ಟೀಕಿಸಿ ಜೈಲು ಸೇರಿದ ಮಗನ ಪರವಾಗಿ ನಾಲ್ಕು ಮಾತಾಡಿ ಪುಣ್ಯ ಕಟ್ಟಿಕೊಳ್ಳಿ ಎಂದು ಹೋದ ವಾರ ಈ ವಿದೇಶಿ ರಾಯಭಾರಿಯ ಕಾಲು ಹಿಡಿದವಳೂ ಅವಳೇ. ಆದರೆ ಈಗಷ್ಟೇ ವಕೀಲರು ಫೋನು ಮಾಡಿದ್ದರು: "ಸಂಜೆ ಬಿಡ್ತಾರಂತಮ್ಮ. ಹೊರದೇಶದವರು ಬಾಯಿ ಹಾಕಿದ್ರೋ, ದೇಶದ್ರೋಹದ ಕೇಸು. ಆಮೇಲೆ ನನ್ನ ಕೈಲೂ ಆಗಲ್ಲ."

ಮೈಕುಗಳ ಮುಂದೆ ನಿಂತಿದ್ದ ರಾಯಭಾರಿಗೆ ಅವಳ ಭಾಷೆ ಬಾರದು. ದುಭಾಷಿ ಗುಂಪಿನಾಚೆ ಸಿಕ್ಕಿಕೊಂಡಿದ್ದ. ಅವಳು ಗಳಗಳನೆ ಅಳುತ್ತ ಕೈಮುಗಿದಳು.

ಕೃತಜ್ಞತೆ ಹೇಳಲು ಬಂದಳೆಂದುಕೊಂಡು ಆತನ ಕಣ್ಣೂ ಒದ್ದೆಯಾಯಿತು. ಆ ಮುಗಿದ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ಕ್ಯಾಮೆರಾಗಳತ್ತ ತಿರುಗಿದ. ಅಂದು ಅವಳೇ ತಿದ್ದಿ ತಿದ್ದಿ ಹೇಳಿಕೊಟ್ಟಿದ್ದ ಮಗನ ಹೆಸರನ್ನು ಒಂದಕ್ಷರವೂ ತಪ್ಪದೆ ಹೇಳಿದ.